ಎರಡು ಹೊಳೆಗಳ ನಡುವಿನ ರಾಯಚೂರು

ರಾಯಚೂರು ಅಂದ ಕೂಡಲೇ ಬೇರೆ ಕಡೆಯವರಿಗೆ ನೆನಪಾಗುವುದು ಬಿಸಿಲು, ಇಲ್ಲಾ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು. ನನಗೆ ಹೊಳೆಗಳೇ ಮೊದಲು ಕಣ್ಣಿಗೆ ಬರುತ್ತವೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಈ ನಡುವಿನ ನೆಲಕ್ಕಾಗಿ ವಿಜಯನಗರದವರು, ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದದ್ದು ಎಲ್ಲರಿಗೂ ಗೊತ್ತು.

ಆದರೆ ಆ ಕೋಟೆಗೆ ಹೋದವರು ಒಂದು ಕಲ್ಲನ್ನು ತಪ್ಪದೇ ನೋಡಬೇಕು. ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ, ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಇನ್ನೂ ಚಂದದ್ದೇನೆಂದರೆ ಆ ಭಾರೀ ಕಲ್ಲನ್ನು ಗಾಡಿಗೆ ಹೇರಿ ಹೇಗೆ ಎಳೆದು ತಂದರು ಅನ್ನೋದನ್ನೂ ಅಲ್ಲೇ ಗೋಡೆಯಲ್ಲಿ ಕೊರೆದಿದ್ದಾರೆ. ರಾಜರ ಹೆಸರಿಗಿಂತ ನನಗೆ ಆ ಗಾಡಿ ಚಿತ್ರವೇ ಜಾಸ್ತಿ ಇಷ್ಟ, ಯಾಕಂದ್ರೆ ದುಡಿದವರ ಗುರುತು ನಮ್ಮ ಕೋಟೆಗಳಲ್ಲಿ ಉಳಿಯುವುದೇ ಅಪರೂಪ.

ಇದೇ ಜಿಲ್ಲೆಯ ಮಸ್ಕಿಯದು ಇನ್ನೂ ಹಳೇ ಕಥೆ. 1915ರಲ್ಲಿ ಚಿನ್ನದ ಹುಡುಕಾಟಕ್ಕೆ ಬಂದಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅಲ್ಲಿನ ಶಾಸನ ಬಿತ್ತು. ಹಳೇ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ರಾಜ ಅಂದರೆ ಅಶೋಕನೇ ಅನ್ನುವುದು ಗಟ್ಟಿಯಾಗಿದ್ದು ಅದರಿಂದ. ಚಿನ್ನ ಜಿಲ್ಲೆಯ ಹಟ್ಟಿ ಗಣಿಯಲ್ಲಿ ಇವತ್ತಿಗೂ ಸಿಗುತ್ತಿದೆ.

ಇಷ್ಟೆಲ್ಲ ಇದ್ದೂ, ಎರಡು ಹೊಳೆ ಮಗ್ಗುಲಲ್ಲೇ ಹರಿಯುತ್ತಿದ್ದೂ, ಶತಮಾನಗಳ ಕಾಲ ಇಲ್ಲಿನ ರೈತ ಮಳೆ ನಂಬಿ ಜೋಳ, ಹತ್ತಿ ಬೆಳೆದ. 1948ರವರೆಗೆ ನಿಜಾಮರ ಆಡಳಿತ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು, ಎಡದಂಡೆ ಕಾಲುವೆ ಬಂತು, ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆ ಎದ್ದವು. ಆ ಬದಲಾವಣೆ ಸಣ್ಣದಲ್ಲ.

ಆದರೆ ನೀರು ಎಲ್ಲರಿಗೂ ಒಂದೇ ಥರ ಸಿಗಲಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಚ್ಚಗಿರುವಾಗ ಮಾನ್ವಿ, ಸಿರವಾರದ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಇದ್ದ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ, ತುಂಬಿದ್ದ ನೀರು ಕಣ್ಣೆದುರೇ ಹರಿದುಹೋಯಿತು. ನವಲಿಯಲ್ಲಿ ಸಮತೋಲನ ಜಲಾಶಯ, ಅಂದರೆ ಹೆಚ್ಚಾದ ನೀರು ಹಿಡಿದಿಡುವ ಇನ್ನೊಂದು ಜಲಾಶಯ, ಕಟ್ಟುವ ಮಾತು ವರ್ಷಗಳಿಂದ ನಡೀತಾನೇ ಇದೆ. ಅದು ಆಗಲಿ. ಅಲ್ಲಿಯವರೆಗೆ ಕಾಲುವೆಗೆ ಹಾಕಿರುವ ಅಕ್ರಮ ಪಂಪ್‌ಸೆಟ್ ತೆಗೆಸಿ, ಕೊನೆಭಾಗದಲ್ಲಿ ಗೇಜ್ (ಕಾಲುವೆಯ ನೀರಿನ ಮಟ್ಟ) ಸರಿಯಾಗಿ ನಿಲ್ಲುವಂತೆ ನೀರು ಬಿಡುವುದಕ್ಕೆ ಹೊಸ ಅಣೆಕಟ್ಟೇನೂ ಬೇಕಿಲ್ಲ, ಅಲ್ವಾ?