ಒಂದು ಕಾಲು ಅಲ್ಲಿನದು, ಇನ್ನೊಂದು ನಕಲು

ಗುಜರಿಯಲ್ಲಿ ಹಳೇ ಬೀಡು ಕಬ್ಬಿಣದ ಸಾಮಾನು ಮುಟ್ಟಿದರೆ ಸಾಕು, "ಬ್ರಿಟಿಷರ ಕಾಲದ್ದು ಸಾರ್, ಅರಮನೆ ಮಾಲು" ಅನ್ನುತ್ತಾರೆ. ನಾನು ತಂದ ಜೋಡಿ ಟೇಬಲ್ ಕಾಲಿಗೂ ಅದೇ ಕಥೆ ಬಂತು. ಹಳೇ ಕಾಫಿ ಹೋಟೆಲುಗಳಲ್ಲಿ ಮಾರ್ಬಲ್ ಹಲಗೆ ಹೊತ್ತು ನಿಂತಿರುತ್ತಿದ್ದವಲ್ಲ, ಅಂಥವು. ಪೂರ್ತಿ ಬುರುಡೆ ಅನ್ನಲೂ ಆಗುವುದಿಲ್ಲ ಬಿಡಿ, ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೇ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದವು. ಆದರೆ ಅದಕ್ಕೂ ಈ ಕಾಲಿಗೂ ಏನು ಸಂಬಂಧ?

ಪದರ ಪದರ ಪೇಂಟನ್ನು ತಂತಿ ಬ್ರಶ್‌ನಲ್ಲಿ ಉಜ್ಜಿದಾಗ ಒಳಬದಿಯಲ್ಲಿ ಉಬ್ಬು ಅಕ್ಷರ ಕಂಡಿತು: ಆರ್‌ಡಿ ನಂಬರ್ (ರಿಜಿಸ್ಟರ್ಡ್, ಅಂದರೆ ಡಿಸೈನ್ ನೋಂದಣಿಯ ನಂಬರ್), ಮುಂದೆ ಆರು ಅಂಕಿ. ಬ್ರಿಟನ್ನಿನಲ್ಲಿ 1884ರಿಂದ ಡಿಸೈನುಗಳಿಗೆ ಹೀಗೆ ಒಂದರಿಂದ ಶುರುಮಾಡಿ ನಂಬರ್ ಕೊಡುತ್ತಿದ್ದರು. ಅದಕ್ಕೂ ಹಿಂದಿನದಾದರೆ ಡೈಮಂಡ್ ಆಕಾರದ ಗುರುತು ಇರುತ್ತದೆ, ಲೋಹದ ವಸ್ತುವಾದರೆ ಅದರ ತುದಿಯಲ್ಲಿ ರೋಮನ್ ಅಂಕಿ ಒಂದು (I). 1890ರ ನಂಬರುಗಳು 1,41,273ರಿಂದ, 1891ರವು 1,63,767ರಿಂದ ಶುರು. ನನ್ನದು 1,52,000ದ ಆಸುಪಾಸು, ಅಂದರೆ 1890. ಆದರೆ ಅದು ಡಿಸೈನ್ ನೋಂದಾಯಿಸಿದ ವರ್ಷ ಅಷ್ಟೇ. ಎರಕ ಹೊಯ್ದಿದ್ದು ಇಪ್ಪತ್ತು ವರ್ಷ ಬಿಟ್ಟೂ ಇರಬಹುದು.

ನಿಜವಾದ ಮಜಾ ಇನ್ನೊಂದು ಕಾಲಿನಲ್ಲಿತ್ತು. ಅದರಲ್ಲೂ ಅದೇ ನಂಬರ್, ಆದರೆ 8 ಯಾವುದು 3 ಯಾವುದು ಗೊತ್ತಾಗದಷ್ಟು ಮಸುಕು, ಬಳ್ಳಿಯ ಎಲೆಗಳ ನರಗಳೂ ಮಾಯ. ಸವೆದಿದೆ ಅಂದುಕೊಳ್ಳೋಣ ಅಂದರೆ, ಯಾರ ಕೈಯೂ ತಾಗದ ಒಳಮೂಲೆಯೂ ಹಾಗೇ ಇದೆ. ಟೇಪ್ ಹಿಡಿದೆ. ಮೊದಲನೆಯದು 28 ಇಂಚು, ಇದು ಸುಮಾರು ಏಳು ಮಿಲಿಮೀಟರ್ ಗಿಡ್ಡ. ಅಗಲದಲ್ಲೂ ಅದೇ ಲೆಕ್ಕದಲ್ಲಿ ಕಮ್ಮಿ.

ಬೀಡು ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅಡಿಗೆ ಎಂಟನೇ ಒಂದು ಇಂಚು. ಅದಕ್ಕೇ ಮರದ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಮಾದರಿ ಇಲ್ಲದೆ, ಸಿದ್ಧವಿದ್ದ ಕಾಲನ್ನೇ ಮರಳಿಗೆ ಒತ್ತಿ ಅಚ್ಚು ತೆಗೆದರೆ ನಕಲು ಅಷ್ಟು ಚಿಕ್ಕದಾಗುತ್ತದೆ, ನಂಬರ್ ಸಮೇತ! ಎಂದೋ ಒಂದು ಕಾಲು ಮುರಿದಿರಬೇಕು, ಯಾವುದೋ ಎರಕದವರು ಉಳಿದದ್ದನ್ನೇ ಒತ್ತಿ ಜೋಡಿ ಮಾಡಿಕೊಟ್ಟಿರಬೇಕು. ನನ್ನ ಲೆಕ್ಕಾಚಾರ ಇಷ್ಟು. ಹಾಗಾಗಿ ಗುರುತು ಇದೆ ಅಂತ ದುಡ್ಡು ಜಾಸ್ತಿ ಕೊಡುವ ಮುಂಚೆ ಅಕ್ಷರದ ಅಂಚನ್ನು ಉಗುರಿನಲ್ಲಿ ಒಮ್ಮೆ ಕೆರೆದು ನೋಡಿ.

ಗಿಡ್ಡ ಕಾಲಿನಡಿಗೆ ಎರಡು ವಾಷರ್ ಕೊಟ್ಟಿದ್ದೇನೆ. ಟೇಬಲ್ ಈಗ ಅಲುಗಾಡುತ್ತಿಲ್ಲ.