ಗಾಜಿನಿಂದ ಹೊರಗುಳಿದ ಎರಡು ಇಂಚು

ತಾಲ್ಲೂಕು ಕಚೇರಿ ಎದುರು ನಮ್ಮಪ್ಪ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಜಾಗದ ಹಿಂದೆಯೇ ನನಗೊಂದು ಸಣ್ಣ ಮಳಿಗೆ ಬಾಡಿಗೆಗೆ ಸಿಕ್ಕಿತು. ಅರ್ಜಿ, ಕರಾರು, ಕ್ರಯಪತ್ರ ಟೈಪ್ ಮಾಡಿಕೊಡುವುದು, ಸ್ಕ್ಯಾನ್ ಮಾಡಿಕೊಡುವುದು, ಇದೇ ಕೆಲಸ. ಸಾಮಾನು ತರಲು ತಿಪಟೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಹೊರಡುವಾಗ ಅಪ್ಪ ಹಳೇ ಕ್ರಯಪತ್ರದ ಜೆರಾಕ್ಸ್ ಒಂದನ್ನು ಬ್ಯಾಗಿಗೆ ಹಾಕಿದರು. "ಯಾವ ಮಿಷಿನ್ ನೋಡಿದ್ರೂ ಇದನ್ನ ಇಟ್ಟು ನೋಡಮ್ಮ" ಅಂದರು.

ಕಂಪ್ಯೂಟರ್ ಬೇಗ ಮುಗಿಯಿತು. ಸೆಕೆಂಡ್ ಹ್ಯಾಂಡ್ ಸಾಕು ಅಂದುಕೊಂಡಿದ್ದೆ. ಆದರೆ ಕಡಿಮೆ ಬೆಲೆಗೆ ತೋರಿಸಿದ್ದು 6ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ಅದಕ್ಕೆ ವಿಂಡೋಸ್ 11 ಸರಿಯಾಗಿ ಹೊಂದುವುದಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲೇ ಬೆಂಬಲ ನಿಂತಿದೆ. ಜನರ ಆಸ್ತಿ ಕಾಗದ ಇಡುವ ಮಿಷಿನ್ ಅಲ್ವಾ, ಸ್ವಲ್ಪ ಜಾಸ್ತಿ ಕೊಟ್ಟು ಹೊಸದನ್ನೇ ತಗೊಂಡೆ.

ಪ್ರಿಂಟರ್ ಮಾತ್ರ ಮನೆಯಲ್ಲೇ ಆರಿಸಿಕೊಂಡು ಹೋಗಿದ್ದೆ. ಇಂಕ್ ಟ್ಯಾಂಕ್ ಇರುವುದು, ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಮಾಡುವುದು. ಅಪ್ಪನ ಮಾತು ನೆನಪಾಗಿ ಮುಚ್ಚಳ ಎತ್ತಿ ಕ್ರಯಪತ್ರ ಇಟ್ಟೆ. ಕಾಗದದ ಕೆಳಭಾಗ ಗಾಜಿನಿಂದ ಎರಡು ಇಂಚಿಗೂ ಹೆಚ್ಚು ಹೊರಗೆ ಇಳಿಬಿತ್ತು. ಲೀಗಲ್ ಕಾಗದ 14 ಇಂಚು, ಗಾಜು ಎ4 ಅಳತೆಯದು, 12 ಇಂಚೂ ಇಲ್ಲ. ಹೊರಗೆ ಉಳಿದದ್ದು ಯಾವ ಭಾಗ ಗೊತ್ತಾ? ಬರೆಸಿಕೊಂಡವರ ರುಜು, ಸಾಕ್ಷಿಗಳ ಹೆಸರು. ಡಬ್ಬಿಯ ಮೇಲೆ ಲೀಗಲ್ ಅಂತ ಬರೆದಿತ್ತು, ನಿಜ. ಆದರೆ ಅದು ಪ್ರಿಂಟಿಗೆ ಮಾತ್ರ. 2023ರಲ್ಲಿ ಆಸ್ತಿ ನೋಂದಣಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ನೋಂದಣಿಗೆ ಮೊದಲೇ ಪತ್ರ ಅಪ್‌ಲೋಡ್ ಆಗಬೇಕು. ರುಜು ಇಲ್ಲದ ಸ್ಕ್ಯಾನ್ ಇಟ್ಟುಕೊಂಡು ನಾನೇನು ಮಾಡಲಿ!

ಅಂಗಡಿಯ ಹುಡುಗ ಒಳಗಿನಿಂದ ಒಂದು ಲೇಸರ್ ಪ್ರಿಂಟರ್ ತಂದ. ಮೇಲೆ ಕಾಗದ ಇಟ್ಟರೆ ತಾನೇ ಎಳೆದುಕೊಂಡು ಉದ್ದಕ್ಕೂ ಸ್ಕ್ಯಾನ್ ಮಾಡುತ್ತದೆ. ನಮ್ಮ ಪತ್ರ ಹಾಕಿದೆವು, ಕೊನೆಯ ರುಜುವರೆಗೂ ಬಂತು. ಇನ್ನೊಂದು ಅನುಕೂಲವೂ ಹೊಳೆಯಿತು. ಆಷಾಢದಲ್ಲಿ ಕ್ರಯ ಮಾಡುವವರು ಕಡಿಮೆ. ವಾರಗಟ್ಟಲೆ ಸುಮ್ನೆ ನಿಂತರೆ ಇಂಕ್ ಒಣಗಿ ನಳಿಕೆ ಕಟ್ಟಿಕೊಳ್ಳುತ್ತದೆ. ಲೇಸರ್‌ನಲ್ಲಿ ಇಂಕ್ ಬದಲು ಇರುವುದು ಟೋನರ್ ಅನ್ನುವ ಪುಡಿ, ಅದಕ್ಕೆ ಒಣಗುವ ಭಯ ಇಲ್ಲ. ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡುವುದಾಗಿ ಹೇಳಿದರು. ವಾರಂಟಿ ಬೇಕಿತ್ತು, ಬಿಲ್ ಹಾಕಿಸಿಯೇ ತಂದೆ.

ಊರಲ್ಲಿ ಜೋಡಿಸುವಾಗ ಕಂಪ್ಯೂಟರನ್ನು ಯುಪಿಎಸ್‌ಗೆ, ಪ್ರಿಂಟರನ್ನು ನೇರ ಗೋಡೆಯ ಪ್ಲಗ್‌ಗೆ ಕೊಟ್ಟೆ. ಲೇಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ, ಸಣ್ಣ ಯುಪಿಎಸ್ ತಡೆಯುವುದಿಲ್ಲ.

ಮೂರನೇ ದಿನ ಒಬ್ಬ ಅಜ್ಜ ಟವೆಲಿನಲ್ಲಿ ಸುತ್ತಿ 1968ರ ಪತ್ರ ತಂದರು. ಮಡಿಕೆಗಳಲ್ಲೆಲ್ಲ ಹರಿದಿತ್ತು. ಅದನ್ನು ಮಿಷಿನ್ ಎಳೆದುಕೊಳ್ಳುವುದಕ್ಕೆ ಕೊಡಲು ಮನಸ್ಸು ಬರಲಿಲ್ಲ. ಗಾಜಿನ ಮೇಲೆ ಮೆಲ್ಲಗೆ ಹರಡಿ ಮೇಲಿನ ಭಾಗ ಒಮ್ಮೆ, ತಿರುಗಿಸಿಟ್ಟು ಕೆಳಗಿನ ಭಾಗ ಒಮ್ಮೆ ಸ್ಕ್ಯಾನ್ ಮಾಡಿ ಜೋಡಿಸಿದೆ. ಅಜ್ಜ ಪರದೆ ಹತ್ತಿರ ಬಗ್ಗಿ, ಕೊನೆಯ ಸಾಲಿನ ಹೆಬ್ಬೆಟ್ಟಿನ ಗುರುತನ್ನು ಬೆರಳಲ್ಲಿ ತೋರಿಸಿದರು. "ನಮ್ಮವ್ವಂದು" ಅಂದರು.