ಹೊಳೆಯಂಚಿನ ಅಪ್ಪೆಮಿಡಿ

ಉತ್ತರ ಕನ್ನಡದ ಅಘನಾಶಿನಿ ಕಣಿವೆಗೆ ಬಂದವರೆಲ್ಲ ಉಂಚಳ್ಳಿ ಜಲಪಾತಕ್ಕೆ ಓಡುತ್ತಾರೆ. ಹೊಳೆ 116 ಮೀಟರ್ ಕೆಳಕ್ಕೆ ಧುಮುಕುವುದನ್ನು ನೋಡಿ, ನಾಲ್ಕು ಫೋಟೊ ತೆಗೆದು ವಾಪಸ್. ತಪ್ಪೇನಿಲ್ಲ. ಆದರೆ ಈ ಕಣಿವೆಯ ರುಚಿ ಹತ್ತಬೇಕಾದರೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಕಾಡುಮಾವಿನ ಮಿಡಿ, ಕೊಯ್ಯುವ ಹೊತ್ತಿಗೆ ಬರಬೇಕು.

ಕಳೆದ ಮಾರ್ಚಿನಲ್ಲಿ ಸಿದ್ದಾಪುರದ ಕಡೆಯ ನಮ್ಮ ಮಾವನ ಜೊತೆ ನಾನೂ ಹೋಗಿದ್ದೆ. ಮನೆ ಹಿಂದಿನ ಸೊಪ್ಪಿನ ಬೆಟ್ಟ ದಾಟಿ ಇಳಿದರೆ ಹೊಳೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಬರುವುದು ಈ ಬೆಟ್ಟದಿಂದಲೇ. ಇಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಕಾಡು ಉಳಿದಿದ್ದರಲ್ಲಿ ಅದರ ಪಾಲೂ ಇದೆ ಅನ್ನಿ.

ಮರ ನೀರಿನ ಮೇಲೇ ಬಾಗಿತ್ತು. ಕೊಯ್ಯುವವನು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದ. ಮಿಡಿ ನೆಲಕ್ಕೆ ಬೀಳಬಾರದು. ಬಿದ್ದು ಪೆಟ್ಟಾದದ್ದು ಭರಣಿಯಲ್ಲಿ ಕೊಳೆತು, ಉಳಿದವನ್ನೂ ಕೆಡಿಸುತ್ತದೆ. ಅದಕ್ಕೇ ಗೊಂಚಲು ಗೊಂಚಲಾಗಿ ಕಿತ್ತು, ಚೀಲ ತುಂಬಿದ ಮೇಲೆ ಹಗ್ಗದಲ್ಲಿ ಇಳಿಸುತ್ತಿದ್ದ. ಕೆಲವರು ಇಷ್ಟು ತಾಳ್ಮೆ ಬೇಡವೆಂದು ಕೊಂಬೆಯನ್ನೇ ಕಡಿಯುತ್ತಾರೆ. ಮುಂದಿನ ವರ್ಷ ಮಿಡಿ ಎಲ್ಲಿಂದ ಬರಬೇಕು?

ನಾನು ಒಂದು ಮಿಡಿ ತೆಗೆದುಕೊಂಡೆ. ಮಾವ ಅಲ್ಲಿಂದಲೇ ಕೂಗಿದರು: “ಮಾಣಿ, ತೊಟ್ಟು ಮುರಿಯಡ, ಸೊನೆ ಹಾರ್ತು!” ಅಷ್ಟರಲ್ಲಿ ಅವರೇ ಬಂದು, ಮುಖ ಅತ್ತ ತಿರುಗಿಸಿ ತೊಟ್ಟು ಚಿವುಟಿ ತೋರಿಸಿದರು. ಸೊನೆ ಚಿಮ್ಮಿತು. ಮೈಗೆ ತಾಗಿದರೆ ಸುಡುತ್ತದೆ, ಆದರೆ ಘಮ? ಹೊಳೆ ದಂಡೆಯೆಲ್ಲ ಹರಡಿತು. ಉಪ್ಪಿನಕಾಯಿಗೆ ಪರಿಮಳ ಕೊಡುವುದು ಈ ಸೊನೆಯೇ. ಮರದಿಂದ ಮರಕ್ಕೆ ವಾಸನೆ ಬೇರೆ, ಹುಳಿ ಬೇರೆ. ಒಂದು ಜೀರಿಗೆಯ ಹಾಗೆ, ಇನ್ನೊಂದು ಬರೀ ಖಡಕ್ ಹುಳಿ.

ಮೇಲೆಲ್ಲೋ ಕೊಂಬೆ ಅಲ್ಲಾಡಿತು. ಸಿಂಗಳೀಕ. ನಮ್ಮನ್ನು ಒಮ್ಮೆ ನೋಡಿ, ಬಾಲದ ಕುಚ್ಚು ತೂಗುತ್ತಾ ಹೋಯಿತು. ಇವುಗಳಿಗಾಗಿಯೇ 2011ರಲ್ಲಿ ಈ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡು ಸಂರಕ್ಷಿತ ಮೀಸಲಾಯಿತು.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಹಾಗಾಗಿ ಈ ದಂಡೆ ಉಳಿದಿದೆ, ಕೆಳಗೆ ಕುಮಟಾದಲ್ಲಿ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಗ್ಗ ಭತ್ತವೂ, ಅಳಿವೆಯ ಬೆಳಚು ಎಂಬ ಚಿಪ್ಪುಜೀವಿಯೂ ಉಳಿದಿವೆ. ಆ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಪಕ್ಕದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಸಂಜೆ ಅತ್ತೆ ಮಿಡಿ ಆರಿಸಿ ಉಪ್ಪಿಗೆ ಹಾಕಿದರು. ಮಾವ ಅದೇ ಮರದ ಕುಡಿ ತಂದು ತೋಟದಂಚಿನಲ್ಲಿ ಕಸಿ ಕಟ್ಟಿದ್ದಾರೆ. ಹೊಳೆ ಮರದ ಪರಿಮಳ ತೋಟದ ಗಿಡಕ್ಕೆ ಬರುವುದಿಲ್ಲ ಅಂತ ಅತ್ತೆ. ಫಲ ಬರಲಿ, ಆಮೇಲೆ ಮಾತಾಡು ಅಂತ ಮಾವ. ಗಿಡ ಇನ್ನೂ ಮೊಣಕಾಲೆತ್ತರ.